ಎರಡು ಚಂದ್ರರ ರಾಜ್ಯದಲ್ಲಿ ಹೂವಿನ ಅಪ್ಪಣೆ

ಕುತುಬುದ್ದೀನ್: ಏಳನೇ ಅಧ್ಯಾಯ ತೆಗಿ, ಇಲ್ಲಾ ಪೆನ್‌ಡ್ರೈವ್ ತಗೊಂಡು ಸೊರಬದ ಬಸ್ ಹತ್ತು. ಮೂರನೇ ಮಾತಿಲ್ಲ.

ನಯನ: ಏಳನೇದು ತೆಗೆದ್ರೆ ಎಂಟನೇದರಲ್ಲಿ ರಾಣಿ ಎಂತಕ್ಕೆ ಕಾಡಿಗೆ ಹೋದಳು ಅಂತ ಓದೋರಿಗೆ ಗೊತ್ತಾಗೋದು ಹೆಂಗೆ ಚಾಚಾ?

ಕುತುಬುದ್ದೀನ್: ಸೌದೆಗೆ ಹೋದಳು ಅಂತ ಬರಿ.

ನಯನ: ರಾಣಿ ಸೌದೆಗೆ ಹೋಗ್ತಾಳಾ?

ಕುತುಬುದ್ದೀನ್: ಗ್ಯಾಸ್ ಮುಗಿದ್ರ ಯಾರಾದ್ರೂ ಹೋಗ್ತಾರ.

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಕುತುಬುದ್ದೀನರ ಪ್ರೆಸ್ಸು. ಗೋಡೆ ತುಂಬ ಲಗ್ನಪತ್ರಿಕೆಯ ಮಾದರಿಗಳು, ಮೂಲೆಯಲ್ಲಿ ಅಚ್ಚಿನ ಮಿಷನ್ನು, ಅದರ ಪಕ್ಕ ಫ್ಲೆಕ್ಸ್ ಯಂತ್ರ. ಕಂಪ್ಯೂಟರಿನ ಮುಂದೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಯಜಮಾನರು ಕೂತಿದ್ದರೆ ಎದುರಿನ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ನಯನ. ಹೊಸಬಾಳೆಯ ಹುಡುಗಿ, ಸೊರಬದ ಒಂದು ಶಾಲೆಯಲ್ಲಿ ವಿಜ್ಞಾನದ ಮಿಸ್ಸು. ಅವಳ ಒಂಬತ್ತನೇ ಕ್ಲಾಸಿನ ಮಕ್ಕಳು ಇಟ್ಟಿಗೆ ದಪ್ಪದ ಇಂಗ್ಲಿಷ್ ಪುಸ್ತಕಗಳನ್ನು ಬೆಂಚಿನ ಕೆಳಗಿಟ್ಟು ಓದುತ್ತಿದ್ದರು. ಕಿರೀಟ, ಕತ್ತಿ, ಮಠ, ಮಾಟ, ಮಸಲತ್ತು. ಒಂದು ದಿನ ಸಿಕ್ಕಿಬಿದ್ದವಳೊಬ್ಬಳು, ಕನ್ನಡದಲ್ಲಿ ಇಂಥದ್ದು ಇದ್ದರೆ ಕೊಡಿ ಮಿಸ್, ಅದನ್ನೇ ಓದ್ತೀನಿ ಅಂದುಬಿಟ್ಟಳು. ಆ ಮಾತು ನಯನಳ ಎದೆಗೆ ನಾಟಿತು. ಅಂಥದ್ದೊಂದನ್ನು ತಾನೇ ಬರೆಯಲು ಕೂತಳು. ರಜೆ ಎಲ್ಲ ಅದಕ್ಕೇ ಹೋಯಿತು, ಬಂದ ಒಂದು ಗಂಡಿನ ಸಂಬಂಧವೂ ಹೋಯಿತು. ಈಗ ಪುಸ್ತಕ ತಯಾರು, ಮಕ್ಕಳು ದಿನಾ ಕೇಳುತ್ತಿದ್ದಾರೆ. ಸೊರಬದ ಪ್ರೆಸ್ಸಿನವರು ನಾವು ಪುಸ್ತಕ ಹಾಕಲ್ಲ ಅಂದರು, ಶಿವಮೊಗ್ಗದವರು ಮುಂದಿನ ವರ್ಷ ನೋಡುವ ಅಂದರು. ಒಪ್ಪಿದವರು ಇವರೊಬ್ಬರೇ. ಒಪ್ಪಿ, ಪುಟವೆಲ್ಲ ಜೋಡಿಸಿ, ಅಚ್ಚಿಗೆ ಹೋಗುವ ದಿನ ಹೀಗೆ ಕಾಲು ಹಿಂದಕ್ಕೆ ತೆಗೆದರು. ಇಲ್ಲಿ ಆಗದಿದ್ದರೆ ಎಲ್ಲೂ ಆಗುವುದಿಲ್ಲ ಅಂತ ನಯನಳಿಗೆ ಗೊತ್ತಿತ್ತು. ಅದಕ್ಕೇ ಸಿಟ್ಟು ಬಂದರೂ ಕುರ್ಚಿ ಬಿಟ್ಟು ಏಳಲಿಲ್ಲ.

ನಯನ: ಅದರಲ್ಲಿ ತಪ್ಪೆಂತ ಇದೆ, ಹೇಳಿ ನೋಡುವ.

ಕುತುಬುದ್ದೀನ್: ಒಂದಾ ಎರಡಾ. ಮೊದಲು ಆ ಎರಡು ಚಂದ್ರ. ಒಂದು ಚಂದ್ರ ಕಾಣೂದಕ್ಕ ನಮ್ಮಲ್ಲಿ ಹಬ್ಬದ ಹಿಂದಿನ ದಿನ ಊರಿಗೊಂದು ಜಗಳ. ನಿನ್ನ ರಾಜ್ಯದಾಗ ಎರಡು ಬಿಟ್ಟೀಯಲ್ಲ, ಅಲ್ಲಿ ನಮ್ಮೋರು ಇದ್ರ ರಂಜಾನ್ ಮುಗಿಯೂದು ಯಾವಾಗ?

ನಯನ: ಅಲ್ಲಿ ನಿಮ್ಮೋರೂ ಇಲ್ಲ, ನಮ್ಮೋರೂ ಇಲ್ಲ. ಅದು ಕಲ್ಪನೆ.

ಕುತುಬುದ್ದೀನ್: ಕಲ್ಪನೆ ಅಂತೀ, ದೇವಿ ಹತ್ರ ಹೂವಿನ ಅಪ್ಪಣೆ ಕೇಳಿಸೀ. ಮೌನದೇವಿಯ ಎರಡು ಭುಜಕ್ಕ ಹೂವು ಅಂಟಿಸೂದು, ಬಲಗಡೇದು ಬಿದ್ರ ಕಿರೀಟ, ಎಡಗಡೇದು ಬಿದ್ರ ಕಾಡು. ಇದು ಎರಡು ಚಂದ್ರದ ರಾಜ್ಯದಾಗ ನಡೀತೈತೋ, ಕುಪ್ಪಗಡ್ಡೆಯಿಂದ ಈಚೆ ಊರೂರಾಗ ನಡೀತೈತೋ? ಹೆಣ್ಣು ಕೊಡೂದಿದ್ರ ಹೂವು, ಬೋರ್ ಹೊಡೆಸೂದಿದ್ರ ಹೂವು, ಇಲೆಕ್ಷನ್‌ಗೆ ನಿಲ್ಲೂದಿದ್ರ ಹೂವು. ಆ ಹೂವನ್ನ ನಿನ್ನ ಮಹಾಗುರು ಮೋಸದಿಂದ ಬೀಳಿಸ್ತಾನ ಅಂತ ಬರದೀ.

ನಯನ: ಮಾಟದಿಂದ ಬೀಳಿಸ್ತಾನೆ.

ಕುತುಬುದ್ದೀನ್: ಅಲ್ಲವ್ವ, ಏಳು ಬೆಟ್ಟ ದಾಟಿ, ಕುರುಡು ಹಾವಿನ ಉಸಿರು ಹಿಡಿದು, ಸೀಸೆಗೆ ತುಂಬಿ ತಂದು ಊದಿದ್ರ ಹೂವು ಬೀಳ್ತೈತಿ ಅಂದೀ. ಅಷ್ಟು ಕಷ್ಟಪಡೋನಿಗೆ ಕಿರೀಟ ಕೊಟ್ಟುಬಿಡು ಅತ್ಲಾಗ. ದುಡದಾನ.

ಅವಮಾನವಾಯಿತು. ಆ ಕುರುಡು ಹಾವಿನ ಮೇಲೆ ನಯನಳಿಗೆ ಎಲ್ಲಿಲ್ಲದ ಅಭಿಮಾನ. ಬೇಸಿಗೆ ರಜೆಯ ಅರ್ಧ ಆ ಹಾವಿಗೇ ಹೋಗಿತ್ತು.

ನಯನ: ಚಾಚಾ, ಹಾವಿನ ಮಾತು ಬಿಡಿ. ನಿಮಗೆ ಹೆದರಿಕೆ ಅಂತ ನೇರ ಹೇಳಿ.

ಕುತುಬುದ್ದೀನ್: ಹೆದರಿಕೆನೇ. ನಾಚಿಕೆ ಏನಿಲ್ಲ. ನೀನು ಬರದೀ, ನಿನಗ ಜನ ಏನಂತಾರ? ಯೋಗೇಶಪ್ಪನ ಮಗಳು, ಓದಿದ ಹುಡುಗಿ, ತಲೆ ಸ್ವಲ್ಪ ತಿರುಗೈತಿ. ಅಷ್ಟಕ್ಕ ಮುಗೀತು. ಕಡೆ ಪುಟದ ಕೆಳಗ ಮುದ್ರಕರು ಅಂತ ಯಾರ ಹೆಸರು ಬರ್ತೈತಿ? ಆಗ ನಿನ್ನ ಹಾವೂ ಕಾಣಲ್ಲ, ಗುರೂನೂ ಕಾಣಲ್ಲ. ದೇವಿ ಹೂವಿಗೆ ಮೋಸ ಅಂದ ಪುಸ್ತಕ, ಹಾಕಿದೋನು ಕುತುಬುದ್ದೀನ್. ಆಕಾಶದಾಗ ಎರಡು ಚಂದ್ರ ಇಟ್ಟರೂ ನನಗ ಹೆಸರು ಒಂದೇ ಅಲ್ಲೇನವ್ವ.

ನಿಮ್ಮ ಹೆಸರು ಬಿಟ್ಟು ಅಚ್ಚು ಹಾಕಿ ಅನ್ನಲು ನಯನ ಬಾಯಿ ತೆರೆದಳು, ಅದು ಇನ್ನೂ ಕೆಟ್ಟ ಮಾತು ಅನ್ನಿಸಿ ಮುಚ್ಚಿದಳು. ಸಿಟ್ಟಿನ ಜಾಗದಲ್ಲಿ ಬೇಸರ ಬಂದು ಕೂತಿತು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಶಬ್ದ, ಅತ್ತರಿನ ವಾಸನೆ, ಆಮೇಲೆ ಹೆಗಲ ಮೇಲೆ ಮಡಿಕೆ ಕೆಡದ ಶಲ್ಯ. ಒಳಗೆ ಬಂದವರು ಹನುಮಂತಪ್ಪ.

ಸೊರಬದ ಆಚೆಯ ಹಳ್ಳಿಯೊಂದರಲ್ಲಿ ಅಮ್ಮನವರ ದೇವಸ್ಥಾನದ ಸಮಿತಿಗೆ ಅಧ್ಯಕ್ಷರು ಇವರು. ಆ ಊರಲ್ಲಿ ಅಧ್ಯಕ್ಷಗಿರಿಗೆ ಓಟಿಲ್ಲ, ಅಮ್ಮನ ಹೂವೇ ಓಟು. ಮೂರು ಸಲ ಕೇಳಿದ್ದಾರೆ, ಮೂರು ಸಲವೂ ಬಲಗಡೆಯದೇ ಬಿದ್ದಿದೆ. ಅಮ್ಮನಿಗೆ ಅವರನ್ನು ಕಂಡರೆ ಅಷ್ಟು ಅಕ್ಕರೆ ಅಂತ ಊರು ನಂಬಿದೆ. ನಂಬದವರಿಗೆ ಸಮಿತಿಯಲ್ಲಿ ಜಾಗವಿಲ್ಲ.

ಹನುಮಂತಪ್ಪ: ಏನ್ ಸಾಹೇಬ್ರೇ, ನನ್ನ ಫ್ಲೆಕ್ಸ್ ಆಯ್ತಾ?

ಕುತುಬುದ್ದೀನ್: ಬರ್ರಿ ಅಧ್ಯಕ್ಷರೇ. ತಯಾರೈತಿ, ನೀವು ನೋಡಿ ಹೂಂ ಅಂದ್ರ ಹೊಡಿಯೂದೇ.

ಪರದೆಯ ಮೇಲಿಂದ ಎರಡು ಚಂದ್ರರು ಮಾಯವಾಗಿ ಕೈ ಮುಗಿದ ಹನುಮಂತಪ್ಪ ಮೂಡಿದರು. ಹಿಂದೆ ಅಮ್ಮನವರು, ಅವರಿಗಿಂತ ಎರಡು ಪಾಲು ದೊಡ್ಡದಾಗಿ ಮುಂದೆ ಇವರು. ಮೇಲೆ ಕೆಂಪಕ್ಷರದ ಬರಹ: ಅಮ್ಮನವರ ಅಪ್ಪಣೆಯಂತೆ ಸತತ ನಾಲ್ಕನೇ ಬಾರಿಗೆ ಅಧ್ಯಕ್ಷರಾಗಿ ಆಯ್ಕೆಯಾದ ಶ್ರೀ ಹನುಮಂತಪ್ಪನವರಿಗೆ ಹಾರ್ದಿಕ ಅಭಿನಂದನೆಗಳು.

ನಯನ: ಹೂವು ಕೇಳೋದು ಬರೋ ಮಂಗಳವಾರ ಅಲ್ವಾ? ಇವತ್ತು ಗುರುವಾರ.

ಹನುಮಂತಪ್ಪ: ಯಾರು ಇವಳು?

ಕುತುಬುದ್ದೀನ್: ಹೊಸಬಾಳೆ ಯೋಗೇಶಪ್ಪನ ಮಗಳು. ಪುಸ್ತಕ ಬರಿತಾಳ.

ಹನುಮಂತಪ್ಪ: ಓ, ಯೋಗೇಶನ ಮಗಳಾ. ನೋಡು ಮಾರಾಯ್ತಿ, ಅಮ್ಮನ ಮೇಲೆ ನಂಬಿಕೆ ಇಲ್ದೇ ಇರೋರು ಮಂಗಳವಾರದ ತನಕ ಕಾಯ್ಬೇಕು. ನಂಗೆ ನಂಬಿಕೆ ಇದೆ.

ಹೀಗೂ ಭಕ್ತಿ ಇರುತ್ತದಲ್ಲ ಅಂತ ನಯನ ಒಳಗೊಳಗೇ ಮೂಗು ಮುರಿದಳು. ಅಷ್ಟರಲ್ಲಿ ಕುತುಬುದ್ದೀನ್ ಆಡಿದ ಮಾತು ಕೇಳಿ ಅವಳು ಕುರ್ಚಿಯಿಂದ ಅರ್ಧ ಎದ್ದಳು.

ಕುತುಬುದ್ದೀನ್: ಅಧ್ಯಕ್ಷರೇ, ಒಂದು ಉಪಕಾರ ಆಗ್ಬೇಕು. ಈ ಹುಡುಗಿ ಕಥೆಯಾಗ ಹೂವಿನ ಅಪ್ಪಣೆ ಬರ್ತೈತಿ. ಹಾಕೂದೋ ಬ್ಯಾಡೋ ನನಗ ತಿಳೀವಲ್ದು. ನೀವು ದೊಡ್ಡೋರು, ದೇವಸ್ಥಾನ ನಡಸೋರು. ನೀವು ಕೇಳಿ ಬ್ಯಾಡ ಅಂದ್ರ ತೆಗೀತಾಳ. ಆಗಲಿ ಅಂದ್ರ ಅಚ್ಚಿಗ ಹಾಕ್ತೀನಿ.

ನಯನ: ಚಾಚಾ, ನಾನು ಎಲ್ಲಿ ಒಪ್ಪಿದೆ?

ಕುತುಬುದ್ದೀನ್: ನಿನ್ನ ರಾಣಿ ಒಪ್ಪಿದ್ಲಾ? ಕೂತಗೊಂಡು ಓದು.

ಕೋಳಿ ಕೊಯ್ಯುವುದಕ್ಕೆ ಕೋಳಿಯ ಕೈಯಲ್ಲೇ ಕತ್ತಿ ಮಸೆಸಿದ ಹಾಗಾಯಿತು ಅಂದುಕೊಂಡಳು ನಯನ. ಒಲ್ಲೆ ಅಂದರೆ ಇಲ್ಲಿಗೇ ಮುಗಿಯಿತು. ಓದಿದರೆ ಇನ್ನೂ ನಾಲ್ಕು ಪುಟ ಉಸಿರಾಡಬಹುದು. ಅವಳು ಬ್ಯಾಗಿನಿಂದ ಏಳನೇ ಅಧ್ಯಾಯದ ಹಾಳೆ ತೆಗೆದು ಓದಿದಳು. ಮಂತ್ರಿ ಕಾಳಸೇನ ಮುದಿ ರಾಜನಿಗೆ ಹಾಲಿನಲ್ಲಿ ವಿಷ ಹಾಕುವಲ್ಲಿಗೆ ಬಂದಾಗ ಹನುಮಂತಪ್ಪನವರ ಹುಬ್ಬು ಗಂಟಿಕ್ಕಿತು.

ಹನುಮಂತಪ್ಪ: ನಿಲ್ಲು. ಇದು ಯಾವ ತಾಲ್ಲೂಕು?

ನಯನ: ತಾಲ್ಲೂಕಲ್ಲ ದೊಡ್ಡಪ್ಪ, ರಾಜ್ಯ. ಎರಡು ಚಂದ್ರ ಇರೋ ರಾಜ್ಯ.

ಹನುಮಂತಪ್ಪ: ಎರಡಿದ್ರೆ ಅಮಾವಾಸ್ಯೆ ಯಾವುದರ ಲೆಕ್ಕದಲ್ಲಿ ಮಾಡ್ತಾರೆ?

ಕುತುಬುದ್ದೀನ್: ನಾನೂ ಅದನ್ನೇ ಕೇಳಿದೆ.

ಹನುಮಂತಪ್ಪ: ಹೋಗ್ಲಿ. ರಾಜನಿಗೆ ವಿಷ ಎಂತಕ್ಕೆ?

ನಯನ: ಅವನು ಅಡ್ಡ ಇದ್ದಾನಲ್ಲ. ಕೆಳಗಿಳಿಸಬೇಕಲ್ಲ.

ಹನುಮಂತಪ್ಪ: ಇಳಿಸೋಕೆ ವಿಷ ಬೇಕಾ? ಗೌರವಾಧ್ಯಕ್ಷ ಮಾಡಿದ್ರೆ ಸಾಕು. ಒಂದು ಹಾರ, ಒಂದು ಶಾಲು, ವೇದಿಕೆ ಮೇಲೆ ಒಂದು ಕುರ್ಚಿ. ಆಮೇಲೆ ಅವನನ್ನ ಯಾರೂ ಏನೂ ಕೇಳಲ್ಲ. ನಮ್ಮ ಹಳೇ ಅಧ್ಯಕ್ಷ ಮಹೇಶ್ವರಪ್ಪನಿಗೆ ಹಂಗೇ ಮಾಡಿದ್ದು. ಈಗಲೂ ಖುಷಿಯಾಗಿದ್ದಾನೆ, ಪಾಪ.

ನಯನ ಕುತುಬುದ್ದೀನರ ಕಡೆ ನೋಡಿದಳು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಆಗಲೇ ಒರೆಸಿಯಾಗಿದ್ದ ಕನ್ನಡಕ ಅದು.

ಕುತುಬುದ್ದೀನ್: ಮುಂದ ಓದವ್ವ.

ಮಹಾಗುರು ವಜ್ರಕಂಠ ಗರ್ಭಗುಡಿಗೆ ಬಂದ. ಬಲಗಡೆಯ ನೀಲಿ ಹೂವು, ಎಡಗಡೆಯ ನೀಲಿ ಹೂವು. ಸಿಂಹಾಸನಕ್ಕೆ ಬರಬೇಕಾದ ರಾಣಿಗೆ ಇನ್ನೂ ಹದಿನಾರು ತುಂಬಿಲ್ಲ, ಕೈ ಜೋಡಿಸಿ ನಿಂತಿದ್ದಾಳೆ, ಮೌನದೇವಿಯನ್ನು ಪ್ರಾಣದಂತೆ ನಂಬಿದ್ದಾಳೆ. ಗುರು ಸೀಸೆಯ ಬಿರಡೆ ತೆಗೆದು ಹಾವಿನ ಉಸಿರನ್ನು ಮೆಲ್ಲಗೆ ಊದುತ್ತಾನೆ. ಎಡಗಡೆಯ ಹೂವು ಉದುರುತ್ತದೆ. ದೇವಿ ನನ್ನನ್ನು ಒಲ್ಲೆ ಅಂದಳು ಅಂತ ಹುಡುಗಿ ಅಳುತ್ತಾ ಕಾಡಿಗೆ ನಡೆಯುತ್ತಾಳೆ. ಅಲ್ಲಿಗೆ ನಿಲ್ಲಿಸಿ ನಯನ ತಲೆ ಎತ್ತಿದರೆ ಹನುಮಂತಪ್ಪನವರ ಮುಖ ಕೆಂಡ.

ಹನುಮಂತಪ್ಪ: ಥೂ. ಇದು ಅವಮಾನ.

ಕುತುಬುದ್ದೀನ್: ನಾನು ಆಗಲೇ ಅಂದೆ ಅಧ್ಯಕ್ಷರೇ. ಧರ್ಮಕ್ಕ ಅವಮಾನ ಆಗ್ತೈತಿ ಅಂತ.

ಹನುಮಂತಪ್ಪ: ಧರ್ಮದ್ದು ಧರ್ಮ ನೋಡ್ಕೊಳ್ಳುತ್ತೆ. ಕೆಲಸ ಗೊತ್ತಿರೋರಿಗೆ ಅವಮಾನ ಇದು.

ನಯನ: ಯಾವ ಕೆಲಸ ದೊಡ್ಡಪ್ಪ?

ಹನುಮಂತಪ್ಪ: ಅಲ್ಲ, ಊದ್ತಾನಂತೆ. ಊರೆಲ್ಲ ಎದುರಿಗೆ ನಿಂತಿರುವಾಗ ದೇವರ ಮುಂದೆ ಬಾಯಿ ತೆಗೆದು ಊದಿದ್ರೆ ಜನ ಸುಮ್ನಿರ್ತಾರಾ? ಎಂಜಲು ಅಂತ ಅಲ್ಲೇ ಎಳ್ಕೊಂಡು ಹೊಡೀತಾರೆ.

ನಯನ: ಅವನು ಮಹಾಮಾಂತ್ರಿಕ.

ಹನುಮಂತಪ್ಪ: ಮಹಾದಡ್ಡ. ಹಾವು ಹುಡುಕ್ಕೊಂಡು ಬೆಟ್ಟ ಹತ್ತಿದ್ದನಂತೆ, ಗಂಧ ಇರಲಿಲ್ವಾ ಆ ರಾಜ್ಯದಲ್ಲಿ? ಎಡಗಡೆ ಉಳೀಬೇಕು ಅಂದ್ರೆ ಎಡಗಡೆ ಹೂವಿಗೆ ಗಂಧ ಮೆತ್ತಬೇಕು, ಕಲ್ಲಿಗೆ ಕಚ್ಚಿಕೊಳ್ಳುತ್ತೆ. ಬಲಗಡೆದಕ್ಕೆ ಬರೀ ನೀರು. ಕಾಲುದೀಪ ಸ್ವಲ್ಪ ಬಲಕ್ಕೆ ಸರಿಸಿಟ್ರೆ ಮಂಗಳಾರತಿ ಮುಗಿಯೋದ್ರೊಳಗೆ ನೀರು ಆರುತ್ತೆ, ಹೂವು ತಾನಾಗೇ ಬೀಳುತ್ತೆ. ಯಾರೂ ಮುಟ್ಟಲ್ಲ, ಯಾರೂ ಊದಲ್ಲ. ನೋಡಿದೋರ ಕಣ್ಣಲ್ಲಿ ನೀರು ಬರಬೇಕು, ಹಂಗೆ ಬೀಳುತ್ತೆ.

ಪರದೆಯ ಮೇಲಿನ ಹನುಮಂತಪ್ಪ ಕೈ ಮುಗಿದುಕೊಂಡು ನಗುತ್ತಲೇ ಇದ್ದರು. ಕುರ್ಚಿಯ ಮೇಲಿನ ಹನುಮಂತಪ್ಪನವರ ನಗು ಮಾತ್ರ ಎಲ್ಲೋ ಹೋಯಿತು. ಶಲ್ಯದಿಂದ ಕುತ್ತಿಗೆ ಒರೆಸಿಕೊಂಡರು.

ಹನುಮಂತಪ್ಪ: ಅಂತ ಬೇರೆ ಕಡೆ ಮಾಡ್ತಾರಂತೆ.

ನಯನ: ಯಾವ ಕಡೆ?

ಹನುಮಂತಪ್ಪ: ಘಟ್ಟದ ಕೆಳಗೆ.

ನಯನ: ನೀವು ಹೋಗಿದ್ರಾ?

ಹನುಮಂತಪ್ಪ: ಹೋಗಿದ್ದೋರು ಹೇಳಿದ್ದು.

ಕುತುಬುದ್ದೀನ್: ಘಟ್ಟದ ಕೆಳಗಿನ ಮಂದಿ ಬಾಳ ಬೆರಕಿ ಬಿಡ್ರಿ.

ಬೆಟ್ಟ, ಹಾವು, ಸೀಸೆ ಎಲ್ಲ ಸೇರಿ ಮಾಡಲಾರದ್ದನ್ನು ಈ ಮನುಷ್ಯ ಒಂದು ಚಿಟಿಕೆ ಗಂಧದಲ್ಲಿ ಮುಗಿಸಿದ್ದ. ನಯನಳಿಗೆ ಸಿಟ್ಟು ಬರಬೇಕಿತ್ತು, ಮೊದಲು ಬಂದದ್ದು ಹೊಟ್ಟೆಕಿಚ್ಚು. ಬ್ಯಾಗಿನಿಂದ ಪೆನ್ನು ತೆಗೆದಳು.

ನಯನ: ದೊಡ್ಡಪ್ಪ, ನಿಮ್ಮದೇ ಚೆನ್ನಾಗಿದೆ. ಹಾವು ಬಿಟ್ಟು ಇದನ್ನೇ ಎಡ ಬಲ ಅದಲುಬದಲು ಮಾಡಿ ಹಾಕ್ತೀನಿ. ಎಡಕ್ಕೆ ಗಂಧ, ಬಲಕ್ಕೆ ನೀರು, ಆಮೇಲೆ ಎಂತ ಅಂದ್ರಿ, ಕಾಲುದೀಪ?

ಹನುಮಂತಪ್ಪ: ಎಂಥದ್ದೂ ಅನ್ನಲಿಲ್ಲ ನಾನು. ಪೆನ್ನು ಒಳಗಿಡು.

ನಯನ: ಹಾವು ದಡ್ಡತನ ಅಂದ್ರಲ್ಲ ನೀವೇ.

ಹನುಮಂತಪ್ಪ: ಎಲ್ಲಿ ದಡ್ಡತನ? ಹಾವು ಚಂದ ಇದೆ. ಕುರುಡು ಹಾವು ಅಂದ್ರೆ ಎಷ್ಟು ಯೋಚನೆ ಮಾಡಿ ಬರ್ದಿದ್ದೀಯ. ಮಕ್ಕಳಿಗೆ ಹಾವೇ ಇಷ್ಟ. ಗಂಧ ಎಲ್ಲ ಯಾರಿಗೆ ಬೇಕು.

ನಯನ: ಬೇಡ ದೊಡ್ಡಪ್ಪ, ನಂಬೋ ಹಂಗೆ ಇರಬೇಕಲ್ಲ.

ಹನುಮಂತಪ್ಪ: ನಂಬೋ ಹಂಗೆ ಇರಲೇಬಾರದು, ಅದೇ ಕಲ್ಪನೆ ಅಂದ್ರೆ. ಸಾಹೇಬ್ರೇ, ಈ ಹುಡುಗಿಗೆ ಸ್ವಲ್ಪ ಹೇಳಿ.

ಕುತುಬುದ್ದೀನ್: ಏನಂತ ಹೇಳ್ಲಿ? ಏಳನೇ ಅಧ್ಯಾಯ ತೆಗಿ ಅಂತಾನಾ?

ಹನುಮಂತಪ್ಪ: ಛೇ, ತೆಗೀಬೇಡಿ. ತೆಗೆದ್ರೆ ಇವಳು ಹೊಸದು ಬರೀತಾಳೆ. ಹೆಂಗಿದೆಯೋ ಹಂಗೇ ಹಾಕಿ. ಒಂದಕ್ಷರ ತಿದ್ದಬಾರದು.

ಕುತುಬುದ್ದೀನ್: ಅಂದ್ರ ಆಗಲಿ ಅಂದ್ರಿ.

ಹನುಮಂತಪ್ಪ: ಆಗಲಿ ಅಂದೆ.

ಕುತುಬುದ್ದೀನ್: ಬಾಯಿಮಾತು ಗಾಳಿಗ ಹೋಗ್ತೈತಿ ಅಧ್ಯಕ್ಷರೇ. ನಾಳೆ ಯಾರಾದ್ರೂ ನಾಲ್ಕು ಹುಡುಗರು ಬಂದು ಯಾರನ್ನ ಕೇಳಿ ಹಾಕಿದಿ ಅಂದ್ರ? ಮೊದಲ ಪುಟಕ್ಕ ನಿಮ್ಮದು ಎರಡು ಸಾಲು ಇರಲಿ. ಶುಭ ಹಾರೈಕೆ. ನಿಮ್ಮ ಹೆಸರಿನ ಕೆಳಗ ದೇವಸ್ಥಾನ ಸಮಿತಿ ಅಧ್ಯಕ್ಷರು ಅಂತ ದಪ್ಪ ಅಕ್ಷರ.

ಹನುಮಂತಪ್ಪ: ಫೋಟೋ ಬರುತ್ತಾ?

ಕುತುಬುದ್ದೀನ್: ಫ್ಲೆಕ್ಸಿನದೇ ಐತಲ್ಲ, ಶಾಲು ಸಮೇತ.

ಅಧ್ಯಕ್ಷರ ಮುಖಕ್ಕೆ ಜೀವ ಬಂತು. ಶಲ್ಯ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಭಾಷಣಕ್ಕೆ ನಿಂತವರಂತೆ ಹೇಳಿದರು. ಕುತುಬುದ್ದೀನ್ ಹೇಳಿದ್ದು ಹೇಳಿದ ಹಾಗೆ ಟೈಪು ಮಾಡಿದರು.

ಹನುಮಂತಪ್ಪ: ಇದು ಸಂಪೂರ್ಣ ಕಾಲ್ಪನಿಕ ಕಥೆ. ಇದರಲ್ಲಿ ವರ್ಣಿಸಿರುವ ರೀತಿಯಲ್ಲಿ ಹೂವು ಬೀಳಿಸಲು ಯಾರಿಂದಲೂ ಸಾಧ್ಯವಿಲ್ಲವೆಂದು ನನ್ನ ಇಷ್ಟು ವರ್ಷಗಳ ಅನುಭವದಿಂದ ಖಚಿತವಾಗಿ ಹೇಳಬಲ್ಲೆ.

ನಯನ: ಅನುಭವದಿಂದ ಅನ್ನೋದು ಇರಲಾ ದೊಡ್ಡಪ್ಪ?

ಹನುಮಂತಪ್ಪ: ಅದೇ ಮುಖ್ಯ. ಅನುಭವ ಇಲ್ದೇ ಇರೋರ ಮಾತಿಗೆ ಏನು ಬೆಲೆ?

ನಯನ ಕೆಮ್ಮುವ ನೆಪದಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಹನುಮಂತಪ್ಪ ಬರೆದದ್ದನ್ನು ಇನ್ನೊಮ್ಮೆ ಓದಿಸಿ ಕೇಳಿ, ತಲೆದೂಗಿ, ಫ್ಲೆಕ್ಸಿನಲ್ಲಿ ಅಮ್ಮನವರು ಸ್ವಲ್ಪ ಪಕ್ಕಕ್ಕೆ ಹೋದರೂ ಪರವಾಗಿಲ್ಲ, ಹೆಸರು ದೊಡ್ಡದಾಗಲಿ ಅಂತ ಹೇಳಿ ಚಪ್ಪಲಿ ಮೆಟ್ಟಿ ಹೋದರು. ಅತ್ತರು ಮಾತ್ರ ಇನ್ನೂ ಹೋಗಿರಲಿಲ್ಲ.

ಅವರು ತಿರುವು ದಾಟಿದರು. ಆಮೇಲೆ ಕುತುಬುದ್ದೀನ್ ಎದ್ದು ಹೋಗಿ ಮಿಷನ್ನಿನ ಸ್ವಿಚ್ಚು ಹಾಕಿದರು. ಅದರ ಸದ್ದು ಕೇಳಿದ್ದೇ ನಯನಳ ಕಣ್ಣು ತುಂಬಿತು. ಸಂತೋಷ ಅಂತ ಅವಳಿಗೆ ಗೊತ್ತಿತ್ತು, ಆದರೂ ಸಿಟ್ಟಿನಲ್ಲೇ ಮಾತಾಡಿದಳು.

ನಯನ: ನನ್ನ ಕತ್ತು ಕೊಯ್ಯೋಕೇ ಅವರ ಕೈಗೆ ಕೊಟ್ರಿ ಅಂದ್ಕೊಂಡಿದ್ದೆ ಚಾಚಾ. ಅವರು ಸಿಟ್ಟಾಗಿದ್ರೆ?

ಕುತುಬುದ್ದೀನ್: ಮಂಗಳವಾರ ಬೀಳೋ ಹೂವಿಗೆ ಗುರುವಾರ ಫ್ಲೆಕ್ಸ್ ಮಾಡಿಸೋ ಮನುಷ್ಯ ನಿನ್ನ ಕಥೆಗೆ ಯಾಕ ಸಿಟ್ಟಾಗ್ತಾನ? ಹೋದ ಮೂರು ಸಲದ ಫ್ಲೆಕ್ಸೂ ನಾನೇ ಹೊಡದಿದ್ದು. ಒಂದು ಸಲಾನೂ ಮೊದಲು ಹೂವು, ಆಮೇಲೆ ಫ್ಲೆಕ್ಸ್ ಅಂತ ಆಗಿಲ್ಲ.

ನಯನ: ಹಂಗಾದ್ರೆ ಇಷ್ಟೊತ್ತು ನನ್ನ ಜೀವ ತಿಂದಿದ್ದು ಎಂತಕ್ಕೆ?

ಕುತುಬುದ್ದೀನ್: ಹೆದರಿಕೆ ಸುಳ್ಳಲ್ಲವ್ವ. ಕಡೆ ಪುಟದಾಗ ನನ್ನ ಹೆಸರು ಹಾಕಬೇಕಂದ್ರ ಮೊದಲ ಪುಟದಾಗ ಅಂಥೋರದೊಂದು ಹೆಸರು ಬೇಕು. ನಮ್ಮಂಥೋರ ಪಾಡು ಅದು.

ಅದನ್ನು ಅವರು ದುಃಖದಿಂದ ಹೇಳಲಿಲ್ಲ, ಕಾಗದ ಖಾಲಿಯಾಗಿದೆ ತರಬೇಕು ಅನ್ನುವ ಹಾಗೆ ಹೇಳಿದರು. ನಯನಳಿಗೆ ನಾಚಿಕೆಯಾಯಿತು. ಮಿಷನ್ನಿನಿಂದ ಬೀಳುತ್ತಿದ್ದ ಪುಟಗಳನ್ನು ನೋಡಿದಳು. ಆಮೇಲೆ ಏನೋ ಹೊಳೆದು ಕತ್ತೆತ್ತಿದಳು.

ನಯನ: ಇವತ್ತೇ ಅವರು ಬಂದಿದ್ದು ನನ್ನ ಪುಣ್ಯ ಆಯ್ತು. ನಾಳೆ ಬಂದಿದ್ರೆ?

ಕುತುಬುದ್ದೀನ್: ನಾಳೆ ಯಾಕ ಬರ್ತಾರ, ನಾನು ಹನ್ನೊಂದಕ್ಕ ಬರ್ರಿ ಅಂದಿದ್ದು ಇವತ್ತು. ನಿನಗ ಹತ್ತೂವರೆಗ ಬಾ ಅಂತ ಫೋನ್ ಮಾಡಿದ್ದೂ ನಾನೇ ಅಲ್ಲೇನು.

ನಯನ ಅವರನ್ನೇ ದಿಟ್ಟಿಸಿದಳು. ಅವರು ಅಚ್ಚಾದ ಏಳನೇ ಅಧ್ಯಾಯದ ಹಾಳೆಯನ್ನು ಬೆಳಕಿಗೆ ಹಿಡಿದು ಮಸಿ ನೋಡುತ್ತಿದ್ದರು.

ನಯನ: ಅಂದ್ರೆ ಎಡಗಡೆಗೆ ಗಂಧ ಮೆತ್ತಿದ್ದು ನೀವು.

ಕುತುಬುದ್ದೀನ್: ನಾನು ಏನೂ ಮುಟ್ಟಿಲ್ಲ ತಾಯಿ. ದೀಪ ಒಂದು ಸ್ವಲ್ಪ ಬಲಕ್ಕ ಸರಿಸಿದ್ದೆ ಅಷ್ಟ. ಹೂವು ತಾನಾಗೇ ಬಿತ್ತು.